ಸೆರೆಮನೆಯ ಬಾಕಿ ಯಾರ ಖಾತೆಗೆ?



ಕೈದಿಗೆ ಸರ್ಕಾರ ಪರಿಹಾರ ಕೊಡಬೇಕೆಂದು ಎಲ್ಲಾದರೂ ಒಂದು ತೀರ್ಪು ಬಂದರೆ ಸಾಕು, ಮಾರನೆಯ ದಿನವೇ ಊರ ಕಟ್ಟೆಯ ಮೇಲೆ ಮಾತು ಶುರುವಾಗುತ್ತದೆ. "ಒಳ್ಳೇ ಕಾಲ ಬಂತಪ್ಪಾ! ಬೆಳೆ ಒಣಗಿದವನಿಗೆ ಪರಿಹಾರ ಇಲ್ಲ, ಜೈಲಿನಲ್ಲಿ ಕೂತು ಉಂಡವನಿಗೆ ಲಕ್ಷಗಟ್ಟಲೆ ದುಡ್ಡು!" ಈ ಮಾತಿನೊಳಗಿನ ಹೊಟ್ಟೆಯ ಉರಿ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಉರಿ ಯಾರ ಮೇಲೆ ತಿರುಗಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಬಾರದು. ಬೆಲೆ ಕಟ್ಟುವುದರಲ್ಲಿ ಸರ್ಕಾರ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಈ ಲೆಕ್ಕವನ್ನೂ ಒಮ್ಮೆ ನೀವೇ ಹಾಕಿ ನೋಡಿ.

ಬಿಹಾರದ ರುದುಲ್ ಶಾ ಮೊಕದ್ದಮೆ ಈ ದೇಶದಲ್ಲಿ ಹೆಸರಾದದ್ದು. ಆ ಮನುಷ್ಯ 1953ರಲ್ಲಿ ಕೊಲೆಯ ಆರೋಪದ ಮೇಲೆ ಬಂಧನಕ್ಕೆ ಒಳಗಾದ. 1968ರ ಜೂನ್ 3ರಂದು ಮುಜಫರಪುರದ ಸೆಷನ್ಸ್ ಕೋರ್ಟು ಅವನನ್ನು ಖುಲಾಸೆ ಮಾಡಿತು. ಆದರೆ ಅವನು ಜೈಲಿನಿಂದ ಹೊರಗೆ ಬಂದದ್ದು 1982ರ ಅಕ್ಟೋಬರ್ 16ರಂದು. ಕೋರ್ಟು ಬಿಟ್ಟ ಮೇಲೂ ಹದಿನಾಲ್ಕು ವರ್ಷ ನಾಲ್ಕು ತಿಂಗಳು ಒಳಗೇ ಕೊಳೆತ! ಯಾಕೆ ಎಂದು ಕೇಳಿದರೆ ಅವನಿಗೆ ಬುದ್ಧಿ ಸರಿಯಿರಲಿಲ್ಲ ಎಂದಿತು ಸರ್ಕಾರ. ಅವನು ಸರಿಯಿದ್ದಾನೆಂದು 1977ರಲ್ಲೇ ವೈದ್ಯರು ಬರೆದುಕೊಟ್ಟ ಕಾಗದ ಇಲಾಖೆಯಲ್ಲೇ ಇತ್ತು. ಆ ಕಾಗದ ಬಂದ ಮೇಲೂ ಬಾಗಿಲು ತೆರೆಯಲು ಐದು ವರ್ಷ ಬೇಕಾಯಿತು.

1983ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಪೀಠ 30,000 ರೂಪಾಯಿ ಕೊಡಿ ಎಂದಿತು. ಅದಕ್ಕೆ ಮುಂಚೆ ಸರ್ಕಾರ ಕೊಟ್ಟಿದ್ದ 5,000 ಸೇರಿಸಿದರೆ 35,000. ಭಾಗಿಸಿ ನೋಡಿ. ದಿನಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಒಬ್ಬ ಮನುಷ್ಯನ ಪ್ರಾಯ, ದುಡಿಮೆ, ಮನೆ ಮಠ ಎಲ್ಲಕ್ಕೂ ಸರ್ಕಾರ ತೆತ್ತ ಬೆಲೆ ಇದು! ಇದು ಪೂರ್ತಿ ಪರಿಹಾರವಲ್ಲ, ಬೇಕಾದರೆ ಬೇರೆ ದಾವೆ ಹೂಡಬಹುದು ಎಂದು ಕೋರ್ಟೇ ಹೇಳಬೇಕಾಯಿತು. ಇದನ್ನು ನೋಡಿ "ಕೈದಿಗೆ ಲಾಟರಿ ಹೊಡೀತು" ಅನ್ನೋಕೆ ಬಾಯಿ ಬರುತ್ತದೆಯೇ?

"ಎಲ್ಲೋ ಒಬ್ಬನ ಕಥೆ ಬಿಡಿ" ಅಂತೀರಾ? 1979ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಹೊರಬಿದ್ದದ್ದೇನು? ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಮುಗಿಯದ ಬಡವರು, ತಪ್ಪು ಸಾಬೀತಾಗಿದ್ದರೂ ಅನುಭವಿಸಬೇಕಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದರು. ಜಾಮೀನಿಗೆ ದುಡ್ಡಿಲ್ಲ, ಅದೇ ಅಪರಾಧ. ಅಂದಿನ ಮಾತು ಹಾಗಿರಲಿ. ಸರ್ಕಾರವೇ ಅಚ್ಚು ಹಾಕಿಸಿದ 2022ರ ಅಂಕಿ ಅಂಶ ನೋಡಿ. ದೇಶದ ಜೈಲುಗಳಲ್ಲಿ ಜಾಗ ಇದ್ದದ್ದು 4,36,266 ಜನಕ್ಕೆ, ತುಂಬಿದ್ದು 5,73,220 ಜನ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ಎಂದರೆ ತಪ್ಪಿತಸ್ಥರೆಂದು ಯಾವ ನ್ಯಾಯಾಧೀಶರೂ ಇನ್ನೂ ಹೇಳದವರು. ನೂರು ಕುರಿ ಕಟ್ಟುವ ಹಟ್ಟಿಯಲ್ಲಿ ನೂರಾ ಮೂವತ್ತು ಕುರಿ ಕೂಡಿದರೆ ರೋಗ ಬರುತ್ತದೆಂದು ಕುರಿ ಕಾಯುವ ಹುಡುಗನಿಗೂ ಗೊತ್ತು. ವಿಧಾನಸೌಧದಲ್ಲಿ ಕೂತವರಿಗೆ, ದಿಲ್ಲಿಯಲ್ಲಿ ಕೂತವರಿಗೆ ಗೊತ್ತಿಲ್ಲವೇ?

ಇನ್ನು ಶಿಕ್ಷೆಯಾದವರ ವಿಷಯ. "ತಪ್ಪು ಮಾಡಿದ್ದಾನೆ, ಅನುಭವಿಸಲಿ" ಎನ್ನುತ್ತಾರೆ. ಅನುಭವಿಸಲಿ, ಬೇಡವೆಂದವರಾರು? ಆದರೆ ಕೋರ್ಟು ಕೊಟ್ಟ ಶಿಕ್ಷೆ ಏನು? ಇಷ್ಟು ವರ್ಷ ಸೆರೆ. ಅದರ ಮೇಲೆ ಕಜ್ಜಿ, ಕ್ಷಯ, ಕೊಳೆತ ಬೇಳೆ, ವಾರ್ಡರನ ಲಾಠಿ ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಬರೆಯದ ಶಿಕ್ಷೆ ಕೊಡಲು ಜೈಲಿನ ಅಧಿಕಾರಿಗೆ ಅಧಿಕಾರ ಕೊಟ್ಟವರು ಯಾರು? ಸುನಿಲ್ ಬಾತ್ರಾ ಎಂಬ ಕೈದಿ ತಿಹಾರ್ ಜೈಲಿನಿಂದ ಜೊತೆಯವನೊಬ್ಬನ ಹಿಂಸೆಯ ಬಗ್ಗೆ ಬರೆದ ಕಾಗದವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ತೆಗೆದುಕೊಂಡು 1979ರಲ್ಲಿ ತೀರ್ಪು ಕೊಟ್ಟಿತು. ಜೈಲಿನ ಗೇಟು ದಾಟಿದ ಮಾತ್ರಕ್ಕೆ ಮನುಷ್ಯನ ಹಕ್ಕೆಲ್ಲ ಹೊರಗೇ ಉಳಿಯುವುದಿಲ್ಲ ಎಂಬುದೇ ಅದರ ಸಾರ. ಅಷ್ಟಾದರೂ ಬುದ್ಧಿ ಬರಲಿಲ್ಲ. 2013ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್. ಸಿ. ಲಾಹೋಟಿಯವರೇ ದೇಶದ 1,382 ಜೈಲುಗಳ ದುಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟಿಗೆ ಕಾಗದ ಬರೆಯಬೇಕಾಯಿತು. 2017ರಲ್ಲಿ ಕೋರ್ಟು ಎಲ್ಲ ಹೈಕೋರ್ಟುಗಳಿಗೆ ಹೇಳಿತು: 2012ರಿಂದ 2015ರವರೆಗೆ ಜೈಲಿನಲ್ಲಿ ಅಸಹಜವಾಗಿ ಸತ್ತವರ ಮನೆಯವರನ್ನು ಹುಡುಕಿ, ತಕ್ಕ ಪರಿಹಾರ ಕೊಡಿಸಿ.

"ಸರಿಯಪ್ಪಾ, ಇದರಿಂದ ನಮಗೇನು?" ಎಂದು ಕೇಳ್ತೀರಿ. ಇಲ್ಲೇ ಇದೆ ನಿಮ್ಮ ಮನೆಯ ವಿಷಯ. 1947ರಲ್ಲಿ ಮೀರತ್ತಿನ ಪೊಲೀಸರು ಒಬ್ಬ ವ್ಯಾಪಾರಿಯ ಚಿನ್ನ ಹಿಡಿದು ಮಾಲಖಾನೆಯಲ್ಲಿಟ್ಟರು. ಅದನ್ನು ಹೆಡ್ ಕಾನ್‌ಸ್ಟೇಬಲನೇ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. ವ್ಯಾಪಾರಿ ದುಡ್ಡು ಕೇಳಿದರೆ, ಇದು ಪ್ರಭುತ್ವದ ಕೆಲಸದಲ್ಲಿ ಆದದ್ದು, ಸರ್ಕಾರ ಹೊಣೆಯಲ್ಲ ಎಂದು ಕಸ್ತೂರಿಲಾಲ್ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ನೋಡಿದಿರಾ? ದೊರೆ ತಪ್ಪೇ ಮಾಡುವುದಿಲ್ಲ ಎಂಬ ಬ್ರಿಟಿಷರ ಕಾಲದ ಕವಚ! ಜಪ್ತಿಯ ಹೆಸರಿನಲ್ಲಿ ಎತ್ತು, ಗಾಡಿ, ಪಂಪ್‌ಸೆಟ್ಟು ಕಳೆದುಕೊಂಡವರಿಗೆ ಈ ಕವಚದ ಗಟ್ಟಿತನ ಚೆನ್ನಾಗಿ ಗೊತ್ತು.

ಆ ಕವಚಕ್ಕೆ ತೂತು ಕೊರೆದವರು ಯಾರು? ಶ್ರೀಮಂತರಲ್ಲ, ಮಂತ್ರಿಗಳಲ್ಲ. ಮೊದಲ ಪೆಟ್ಟು ಹಾಕಿದ್ದು ರುದುಲ್ ಶಾನ ಮೊಕದ್ದಮೆ. ಆಮೇಲೆ ಒರಿಸ್ಸಾದ ಒಬ್ಬ ತಾಯಿ, ನೀಲಬತಿ ಬೆಹೆರಾ. ಪೊಲೀಸರು ಕರೆದುಕೊಂಡು ಹೋದ ಮಗನ ಹೆಣ ಮಾರನೆಯ ದಿನ ರೈಲು ಹಳಿಯ ಮೇಲೆ ಸಿಕ್ಕಿತು. ಆಕೆ ಬರೆದ ಕಾಗದದ ಮೇಲೆ 1993ರಲ್ಲಿ ಸುಪ್ರೀಂ ಕೋರ್ಟು 1,50,000 ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕನ್ನು ಮುರಿದ ಕಡೆ ಪ್ರಭುತ್ವದ ಕವಚ ನಡೆಯುವುದಿಲ್ಲ ಎಂದೂ ಸಾರಿತು. ನಾಳೆ ಧರಣಿಗೆ ಹೋದ ನಿಮ್ಮ ಮಗನ ಮೇಲೆ ಠಾಣೆಯಲ್ಲಿ ಕೈ ಬಿದ್ದರೆ, ನೀವು ಹಿಡಿಯುವ ದಾರಿ ಈ ತಾಯಿ ಕಡಿದ ದಾರಿಯೇ.

ಸಾಲದ ವಿಷಯಕ್ಕೂ ಬನ್ನಿ. ಸಿವಿಲ್ ಕೋರ್ಟಿನ ಡಿಕ್ರಿಯ ಬಾಕಿಗಾಗಿ ಮನುಷ್ಯನನ್ನೇ ಸಿವಿಲ್ ಜೈಲಿಗೆ ಹಾಕುವ ಕಾನೂನು ಈ ದೇಶದಲ್ಲಿ ಇಂದಿಗೂ ಇದೆ. ಕೊಡಲು ಶಕ್ತಿಯಿಲ್ಲದ ಮಾತ್ರಕ್ಕೆ ಸಾಲಗಾರನನ್ನು ಸೆರೆಗೆ ತಳ್ಳಬಾರದು, ಕೈಯಲ್ಲಿದ್ದೂ ಕೊಡದ ಕೆಟ್ಟ ಬುದ್ಧಿ ಕಾಣಬೇಕು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಬರೆದರು. ಜೈಲಿನ ಬಾಗಿಲಿಗೂ ಬಡವನ ಮನೆಯ ಬಾಗಿಲಿಗೂ ಇರುವ ದೂರ ನಾವು ಅಂದುಕೊಂಡಷ್ಟಿಲ್ಲ.

ಕೊನೆಗೆ ಉಳಿಯುವ ಪ್ರಶ್ನೆ ಒಂದೇ. ಪರಿಹಾರದ ದುಡ್ಡು ನಮ್ಮ ತೆರಿಗೆಯದಲ್ಲವೇ? ಹೌದು, ನಮ್ಮದೇ. ಹಾಗಾದರೆ ಬೊಕ್ಕಸಕ್ಕೆ ತೂತು ಹಾಕಿದವರು ಯಾರು? ಕಾಗದವನ್ನು ಐದು ವರ್ಷ ಮಲಗಿಸಿದ ಅಧಿಕಾರಿ. ಲಾಠಿ ಎತ್ತಿದ ಪೊಲೀಸು. ಇಕ್ಕಟ್ಟು ಕಂಡೂ ಕಣ್ಣು ಮುಚ್ಚಿದ ಇಲಾಖೆ. ಕೊಟ್ಟ ಪರಿಹಾರವನ್ನು ತಪ್ಪು ಮಾಡಿದ ನೌಕರನಿಂದ ಸರ್ಕಾರ ವಸೂಲು ಮಾಡಿಕೊಳ್ಳಬಹುದೆಂದು 1996ರ ಡಿ. ಕೆ. ಬಸು ತೀರ್ಪೇ ಹೇಳಿದೆ. ರೈತನ ಕೈಸಾಲಕ್ಕೆ ಡಂಗುರ ಹೊಡೆಸಿ ವಸೂಲಿಗೆ ಬರುವ ಸರ್ಕಾರ, ತನ್ನ ಅಧಿಕಾರಿಯ ಹತ್ತಿರ ಈ ವಸೂಲಿಗೆ ಯಾಕೆ ಹೋಗುವುದಿಲ್ಲ?

ಸಿಟ್ಟು ಇರಲಿ ಬಂಧುಗಳೇ, ಸಿಟ್ಟು ಬೇಕು. ಆದರೆ ಮುಂದಿನ ಸಲ ಕಟ್ಟೆಯ ಮೇಲೆ "ಕೈದಿಗೆ ಎಷ್ಟು ಕೊಟ್ಟರು?" ಎಂಬ ಮಾತು ಬಂದಾಗ, ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳಿ: "ಯಾರ ಸಂಬಳದಿಂದ ಹಿಡಿದರು?" ಬೆಳೆ ಪರಿಹಾರ ಕೊಡದ ಕೈ, ಜೈಲಿನಲ್ಲಿ ಮನುಷ್ಯನನ್ನು ಕೊಳೆಸಿದ ಕೈ, ಎರಡೂ ಒಂದೇ. ಬಾಕಿದಾರ ಕೈದಿಯಲ್ಲ, ಸರ್ಕಾರ. ಬಾಕಿದಾರನ ಬಾಗಿಲಿಗೇ ಹೋಗೋಣ.