ಪೇಸ್ಟಿಗಿಂತ ಮೊದಲು ನೀರು

ಗದಗ-ಬೆಟಗೇರಿಯ ಅಂಗಡಿಗಳಲ್ಲಿ ಬೇವು, ಲವಂಗ, ಇದ್ದಿಲುಗಳ ಹೆಸರು ಹೊತ್ತ ಟೂತ್‌ಪೇಸ್ಟುಗಳಿಗೆ ಕೊರತೆಯಿಲ್ಲ. ಎನಾಮಲ್ಲನ್ನು ಗಟ್ಟಿಗೊಳಿಸುವುದಾಗಿ ಹಲವು ಸಾರುತ್ತವೆ. ಆದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ಮಕ್ಕಳ ಹಲ್ಲುಗಳ ಮೇಲಿನ ಕಂದುಪಟ್ಟೆಯನ್ನು ಯಾವ ಪೇಸ್ಟೂ ಅಳಿಸದು. ಅದು ಕೊಳೆಯಲ್ಲ. ಸುಮಾರು ಎಂಟು ವರ್ಷದೊಳಗೆ, ಎನಾಮಲ್ ರೂಪುಗೊಳ್ಳುವಾಗಲೇ, ಕೊಳವೆಬಾವಿಯ ಫ್ಲೋರೈಡ್ ಮಾಡಿದ ಹಾನಿ. ಗ್ರಾನೈಟಿನಂಥ ಗಟ್ಟಿಶಿಲೆಯೊಳಗೆ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ.

ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5. ಜಿಲ್ಲೆಯ ಅನೇಕ ಕೊಳವೆಬಾವಿಗಳು ಇದನ್ನು ಮೀರಿವೆ. ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ.

ವಿಚಿತ್ರವೆಂದರೆ, ಹಲ್ಲುಹುಳುಕನ್ನು ತಡೆಯಲು ದೃಢವಾದ ವೈಜ್ಞಾನಿಕ ಆಧಾರವಿರುವುದೂ ಫ್ಲೋರೈಡ್ ಪೇಸ್ಟಿಗೇ. ಹಲ್ಲಿಗೆ ತಾಗಿಸಿ ಉಗುಳಿದರೆ ಅದು ಔಷಧ, ನುಂಗಿದರೆ ಹೊರೆ. ಎಳೆಯ ಮಕ್ಕಳು ನುಂಗಿಯೇ ನುಂಗುತ್ತಾರೆ. ಆದ್ದರಿಂದ ಇಂಥ ಊರುಗಳಲ್ಲಿ ಆರು ವರ್ಷದೊಳಗಿನವರಿಗೆ ಫ್ಲೋರೈಡ್‌ರಹಿತ ಪೇಸ್ಟೇ ಲೇಸು. ದೊಡ್ಡವರು ಫ್ಲೋರೈಡ್ ಪೇಸ್ಟನ್ನು ಬಟಾಣಿಕಾಳಿನಷ್ಟು ಬಳಸಿ ಉಗುಳಬಹುದು. ಬೇವಿನ ಕಡ್ಡಿ ಹಲ್ಲನ್ನು ಶುಚಿಗೊಳಿಸೀತು, ಸವೆದ ಎನಾಮಲ್ಲನ್ನು ಮತ್ತೆ ಕಟ್ಟಲಾರದು. ಇದ್ದಿಲು, ಇಟ್ಟಿಗೆಪುಡಿಗಳಿಂದ ಕಲೆ ತಿಕ್ಕುವವರು ಇದ್ದ ಎನಾಮಲ್ಲನ್ನೂ ಕಳೆದುಕೊಳ್ಳುತ್ತಾರೆ. ‘ನೈಸರ್ಗಿಕ’ ಎಂಬ ಶಬ್ದಕ್ಕೆ ಮರುಳಾಗುವುದೇಕೆ? ಕೊಳವೆಬಾವಿಯ ಫ್ಲೋರೈಡೂ ನೈಸರ್ಗಿಕವೇ!

ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಇಳಿಜಾರಿನ ಮಳೆ ಕೆರೆಗಳಲ್ಲಿ ನಿಂತು ಇಂಗಬೇಕು. ಅಲ್ಲಿಯವರೆಗೆ ಕುಡಿಯಲೂ ಅಡುಗೆಗೂ ಚಾವಣಿಯಿಂದ ಶೋಧಿಸಿ ಹಿಡಿದ ಮಳೆನೀರು ಅಥವಾ ಶುದ್ಧೀಕರಿಸಿದ ನದಿನೀರು ಒದಗಲಿ. ತಮ್ಮೂರಿನ ಪ್ರತಿಯೊಂದು ಕೊಳವೆಬಾವಿಯ ಪರೀಕ್ಷಾ ವರದಿಯನ್ನು ಗ್ರಾಮಸಭೆಯಲ್ಲಿ ಓದಿಸುವಂತೆ ಜನ ಪಟ್ಟುಹಿಡಿಯಲಿ.