ಕೇಳುವ ಜಾಗವಿಲ್ಲದ ಧ್ವನಿಮುದ್ರಿಕೆ

1997ರಲ್ಲಿ ಲಂಡನ್ನಿನಲ್ಲಿ ಬಿಡುಗಡೆಯಾದ ‘ಅನೋಖಾ: ಸೌಂಡ್ಸ್ ಆಫ್ ದಿ ಏಷ್ಯನ್ ಅಂಡರ್‌ಗ್ರೌಂಡ್’ ಎಂಬ ಆಲ್ಬಮ್ಮಿನ ನಾಲ್ಕನೆಯ ತುಣುಕು ಚೆನ್ನೈನದು. ತಬಲಾ ವಾದಕ ತಲ್ವಿನ್ ಸಿಂಗ್ ಆಯ್ದು ಜೋಡಿಸಿದ ಈ ಸಂಕಲನದ ಹಲವು ರಚನೆಗಳಲ್ಲಿ ‘ಡ್ರಮ್ ಆ್ಯಂಡ್ ಬೇಸ್’ ಶೈಲಿಯ ಛಾಯೆ ದಟ್ಟವಾಗಿದೆ. ಅವುಗಳ ನಡುವೆ, ಎ.ಆರ್. ರೆಹಮಾನ್ 1995ರ ‘ಬಾಂಬೆ’ ಚಿತ್ರಕ್ಕೆ ರಚಿಸಿದ ವಾದ್ಯಸಂಗೀತ ‘ಮುಂಬೈ ಥೀಮ್ ಟ್ಯೂನ್’ ಎಂಬ ಹೆಸರಿನಲ್ಲಿ ಕುಳಿತಿದೆ. ಅದರಲ್ಲಿ ನವೀನ್ ಕುಮಾರರ ಕೊಳಲಿದೆ, ತಂತಿವಾದ್ಯಗಳ ದೊಡ್ಡ ಮೇಳವಿದೆ. ಓಡುವ ಡ್ರಮ್ಮು ಮಾತ್ರ ಇಲ್ಲ. ಚಿತ್ರಸಂಗೀತವಾಗಿ ಅದನ್ನು ಗುರುತಿಸದವರು ಚೆನ್ನೈನಲ್ಲಿ ಕಡಿಮೆ. ಅದನ್ನು ಪ್ರಯೋಗವೆಂದು ಹೊತ್ತು ತಂದ ಆಲ್ಬಮ್ಮಿಗೆ ಮಾತ್ರ ಆ ನಗರದ ಸಂಗೀತದ ಕಥೆಯಲ್ಲಿ ಜಾಗ ಸಿಕ್ಕಿಲ್ಲವೆಂದೇ ಹೇಳಬೇಕು. ಪ್ರಯೋಗಶೀಲ ಧ್ವನಿಮುದ್ರಿಕೆಗಳು ಅಲಕ್ಷ್ಯಕ್ಕೆ ಒಳಗಾಗುವುದು ಏಕೆ ಎಂಬ ಪ್ರಶ್ನೆಗೆ ಇಲ್ಲಿ ಒಂದು ಒಳ್ಳೆಯ ಎಳೆ ಸಿಗುತ್ತದೆ. ಇಂಥ ಕಡೆ ಸಾಮಾನ್ಯವಾಗಿ ಬರುವ ಉತ್ತರ, ‘ಅದು ತನ್ನ ಕಾಲಕ್ಕಿಂತ ಮುಂದಿತ್ತು’ ಎಂಬುದು. ಕೇಳಲು ಗೌರವದ ಮಾತು, ಆದರೆ ಹೆಚ್ಚೇನನ್ನೂ ವಿವರಿಸುವುದಿಲ್ಲ.

ಡ್ರಮ್ ಆ್ಯಂಡ್ ಬೇಸ್ 1990ರ ದಶಕದ ಮೊದಲಲ್ಲಿ ಇಂಗ್ಲೆಂಡಿನಲ್ಲಿ, ‘ಜಂಗಲ್’ ಎಂಬ ಶೈಲಿಯಿಂದ ಬೆಳೆಯಿತು. ಹಳೆಯ ಧ್ವನಿಮುದ್ರಿಕೆಯೊಂದರ ಡ್ರಮ್ ತುಣುಕನ್ನು ಸ್ಯಾಂಪ್ಲರ್ ಯಂತ್ರಕ್ಕೆ ತುಂಬಿ, ಚೂರು ಮಾಡಿ, ಮರುಜೋಡಿಸಿ, ನಿಮಿಷಕ್ಕೆ ಸುಮಾರು 160ರಿಂದ 180 ಬಡಿತಗಳ ವೇಗದಲ್ಲಿ ಓಡಿಸುವುದು ಅದರ ಮೂಲ ತಂತ್ರ. ಹೀಗೆ ಅತಿ ಹೆಚ್ಚು ಬಳಕೆಯಾದ ತುಣುಕು ಅಮೆರಿಕದ ‘ದಿ ವಿನ್‌ಸ್ಟನ್ಸ್’ ತಂಡದ 1969ರ ‘ಅಮೆನ್, ಬ್ರದರ್’ನಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್. ಗಮನಿಸಬೇಕಾದ್ದು, ಅದು ಬೇರೊಂದು ಹಾಡಿನ ತಟ್ಟೆಯ ಹಿಂಬದಿಗೆ ಹಾಕಿದ್ದ ಹಾಡು. ಸುಮಾರು ಎರಡು ದಶಕ ಅದು ಕಾದದ್ದು ಕೇಳುಗರ ಅಭಿರುಚಿ ಬೆಳೆಯಲೆಂದಲ್ಲ. ಸ್ಯಾಂಪ್ಲರ್ ಬಂತು, ಕುಣಿಸುವ ಡಿಜೆಗಳಿಗೆ ಹಾಡುಗಾರಿಕೆ ಇಲ್ಲದ ಬರಿಯ ಲಯ ಬೇಕಾಯಿತು, ಆಗ ಹಿಂಬದಿಯ ಹಾಡಿಗೆ ಕೆಲಸ ಸಿಕ್ಕಿತು. ಕೋಲ್ಮನ್ನರಿಗೆ ಮಾತ್ರ ಅದರಿಂದ ಕಾಸು ಬರಲಿಲ್ಲ.

ಈ ಬಗೆಯ ಸಂಗೀತ ದಕ್ಷಿಣ ಭಾರತದ ಕಿವಿಗೆ ಪರಕೀಯವಾದ್ದರಿಂದ ಒಗ್ಗಲಿಲ್ಲ ಎನ್ನುವ ವಾದವೂ ನಿಲ್ಲುವುದು ಕಷ್ಟ. ಡ್ರಮ್ ಆ್ಯಂಡ್ ಬೇಸ್‌ನಲ್ಲಿ ಎರಡು ವೇಗಗಳು ಒಟ್ಟಿಗೆ ನಡೆಯುತ್ತವೆ: ಡ್ರಮ್ಮು 170ರಲ್ಲಿ ಓಡುತ್ತಿದ್ದರೆ ಕೆಳಗಿನ ಬೇಸ್ ಅದರ ಅರ್ಧ ವೇಗದಲ್ಲಿ ಹೆಜ್ಜೆ ಇಡುತ್ತದೆ. ತಾಳದ ಲೆಕ್ಕ ಕೈಯಲ್ಲಿ ನಿಧಾನವಾಗಿ ಸಾಗುತ್ತಿರುವಾಗಲೇ ಮೃದಂಗ ಎರಡನೆಯ, ಮೂರನೆಯ ಕಾಲಕ್ಕೆ ಏರುವುದನ್ನು ಪ್ರತಿ ಮಾರ್ಗಳಿ ತಿಂಗಳ ಕಚೇರಿಗಳಲ್ಲಿ ಕೇಳುವ ಚೆನ್ನೈನ ಮೈಲಾಪುರದ ರಸಿಕರಿಗೆ ಇದು ಹೊಸ ಗಣಿತವಲ್ಲ. ವ್ಯತ್ಯಾಸ ಬೇರೆಡೆ ಇದೆ. ಕಚೇರಿಯಲ್ಲಿ ತಾಳವಾದ್ಯಗಳಿಗೇ ಮೀಸಲಾದ ತನಿ ಆವರ್ತನದಲ್ಲಿ ಘಟ ಮೃದಂಗಕ್ಕೆ ಆ ಕ್ಷಣದಲ್ಲೇ ಉತ್ತರ ಕೊಡುತ್ತದೆ. ಸ್ಯಾಂಪ್ಲರ್ ಯಾರಿಗೂ ಉತ್ತರಿಸುವುದಿಲ್ಲ, ಹೇಳಿದ್ದನ್ನೇ ಹೇಳುತ್ತದೆ. ಅದರ ರುಚಿ ಕಿವಿಗಿಂತ ಹೆಚ್ಚಾಗಿ ಎದೆಗೆ ತಾಗುವ ಬೇಸ್‌ನಲ್ಲಿದೆ. ಅದಕ್ಕೆ ತಕ್ಕ ಸ್ಪೀಕರು, ಕತ್ತಲೆ, ನಿಂತು ಕುಣಿಯುವ ನೆಲ ಬೇಕು.

ಲಂಡನ್ನಿನಲ್ಲಿ ಅಂಥ ಜಾಗವಿತ್ತು. ಹಾಕ್ಸ್‌ಟನ್ ಸ್ಕ್ವೇರಿನ ‘ಬ್ಲೂ ನೋಟ್’ ಕ್ಲಬ್ಬಿನಲ್ಲಿ ಭಾನುವಾರ ಡಿಜೆ ಗೋಲ್ಡಿಯ ‘ಮೆಟಲ್‌ಹೆಡ್ಜ್’ ಡ್ರಮ್ ಆ್ಯಂಡ್ ಬೇಸ್ ನಡೆಯುತ್ತಿತ್ತು. ಸೋಮವಾರ ತಲ್ವಿನ್ ಸಿಂಗ್ ಮತ್ತು ಸ್ವೀಟಿ ಕಪೂರ್ ನಡೆಸುತ್ತಿದ್ದ ‘ಅನೋಖಾ’. ಆಲ್ಬಂ ಹುಟ್ಟಿದ್ದು ಆ ಸೋಮವಾರಗಳಿಂದ. ಸ್ಟೇಟ್ ಆಫ್ ಬೆಂಗಾಲ್ ಎಂಬ ಹೆಸರಿನಲ್ಲಿ ಸ್ಯಾಮ್ ಜಮಾನ್ ಮಾಡಿದ ‘ಫ್ಲೈಟ್ ಐಸಿ408’ ಆ ಜನಕ್ಕೆ ಹೇಳಿ ಮಾಡಿಸಿದಂತಿತ್ತು. ರೆಹಮಾನರ ತುಣುಕು ಓಟದ ಮಧ್ಯದ ನಿಲುಗಡೆಯಾಗಿ ಒದಗಿತು. ಕುಣಿದು ದಣಿದವರು ಆಲಿಸಬಹುದಾದ ಸಂಗೀತ ಎಂಬ ಹೊಸ ಅರ್ಥ ಅದಕ್ಕೆ ಕೂಡಿತು.

ಅದೇ ಕಾಲದ ಚೆನ್ನೈನಲ್ಲಿ ಸಂಗೀತಕ್ಕೆ ಇದ್ದ ದೊಡ್ಡ ಬಾಗಿಲುಗಳು ಎರಡೇ, ಸಭಾ ಮತ್ತು ಸಿನಿಮಾ. ಸಭಾದಲ್ಲಿ ಕೃತಿಗಳ ಸುತ್ತ ಕಟ್ಟಿದ ಕಚೇರಿ ಪದ್ಧತಿ. ಯಂತ್ರಕ್ಕೆ ಅಲ್ಲಿ ಶ್ರುತಿಪೆಟ್ಟಿಗೆಯ ಪಾತ್ರವನ್ನು ದಾಟಿ ಬೆಳೆಯಲು ಅವಕಾಶವಿರಲಿಲ್ಲ. ಸಿನಿಮಾ ಹಾಗಲ್ಲ, ಸನ್ನಿವೇಶ ಕೇಳಿದರೆ ಏನನ್ನೂ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಇಳಯರಾಜಾ 1986ರಲ್ಲೇ ‘ಪುನ್ನಗೈ ಮನ್ನನ್’ ಚಿತ್ರಕ್ಕೆ ಕಂಪ್ಯೂಟರ್ ಸೀಕ್ವೆನ್ಸರ್ ಬಳಸಿದರು. ರೆಹಮಾನ್ 1993ರ ‘ತಿರುಡಾ ತಿರುಡಾ’ದ ‘ರಾಸಾತ್ತಿ’ ಹಾಡನ್ನು ಒಂದೂ ವಾದ್ಯವಿಲ್ಲದೆ, ಬರೀ ಕಂಠಗಳಿಂದ ಕಟ್ಟಿದರು. ಬೇರೆ ನಾಡಿನಲ್ಲಿ ಇದು ಪ್ರಯೋಗಶೀಲ ಸಂಗೀತವೆಂದು ಚರ್ಚೆಗೆ ಬರುತ್ತಿತ್ತು. ಇಲ್ಲಿ ಅದು ಹಾಡಾಯಿತು, ಜನ ಗುನುಗಿದರು, ಅಷ್ಟೇ.

ಸಿನಿಮಾದ ಆಸರೆ ಇಲ್ಲದೆ ಬಂದವುಗಳ ಗತಿ ಬೇರೆ. ‘ರೋಜಾ’ ಚಿತ್ರಕ್ಕೆ ಮುನ್ನ ರೆಹಮಾನ್ ಸಂಗೀತ ನೀಡಿ ಮಾಲ್ಗುಡಿ ಶುಭಾ ಹಾಡಿದ ಇಂಗ್ಲಿಷ್ ಆಲ್ಬಂ ‘ಸೆಟ್ ಮಿ ಫ್ರೀ’ ಬಂದಾಗ ಸದ್ದು ಮಾಡಲಿಲ್ಲ. ರೆಹಮಾನ್ ಹೆಸರಾದ ಮೇಲೆ ಮತ್ತೆ ಅಂಗಡಿಗೆ ಬಂತು. ಅದರೊಳಗಿನ ಒಂದು ಸ್ವರವೂ ಬದಲಾಗಿರಲಿಲ್ಲ. ಇಳಯರಾಜಾ 1986ರಲ್ಲಿ ತ್ಯಾಗರಾಜ ಮತ್ತು ಬಾಖ್ ಇಬ್ಬರಿಗೂ ಅರ್ಪಿಸಿದ ‘ಹೌ ಟು ನೇಮ್ ಇಟ್?’ ಉಳಿದುಕೊಂಡಿತಾದರೂ, ಅದರ ಕರ್ತೃ ಆಗಲೇ ಮನೆಮನೆಯ ಹೆಸರಾಗಿದ್ದರೆಂಬುದನ್ನು ಮರೆಯುವಂತಿಲ್ಲ.

‘ಕಾಲಕ್ಕಿಂತ ಮುಂದೆ’ ಎಂಬ ಮಾತನ್ನು ಒರೆಗೆ ಹಚ್ಚಲು ಮುಂಬಯಿಯ ಚರಣ್‌ಜಿತ್ ಸಿಂಗ್ ತಕ್ಕ ಉದಾಹರಣೆ. ಸಿನಿಮಾ ವಾದ್ಯಗಾರರಾಗಿದ್ದ ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿದರು. ಎಚ್‌ಎಂವಿ ಹೊರತಂದ ಆ ತಟ್ಟೆ ಯಾರ ಗಮನಕ್ಕೂ ಬೀಳದೆ ಹೋಯಿತು. ಡಚ್ ಸಂಗ್ರಾಹಕ ಎಡೋ ಬೌಮನ್ 2002ರಲ್ಲಿ ದೆಹಲಿಯಲ್ಲಿ ಅದನ್ನು ಕಂಡು 2010ರಲ್ಲಿ ಮತ್ತೆ ಹೊರತಂದಾಗ, ಶಿಕಾಗೋದಲ್ಲಿ ಹುಟ್ಟಿದ ‘ಆ್ಯಸಿಡ್ ಹೌಸ್’ ಎಂಬ ನೃತ್ಯಸಂಗೀತಕ್ಕೆ ಸಿಂಗ್ ಅವರೇ ಮೂಲಪುರುಷರೆಂಬ ಕೀರ್ತಿ ಬಂತು. ಅದು ಪೂರ್ತಿ ನ್ಯಾಯವೇನಲ್ಲ. ಶಿಕಾಗೋದವರು ಆ ತಟ್ಟೆ ಕೇಳಿದ್ದಕ್ಕೆ ಆಧಾರವಿಲ್ಲ. ಸಿಂಗ್ ಅವರ ಮನಸ್ಸಿನಲ್ಲಿದ್ದದ್ದು ರಾಗ. ಒಂದು ಅಲಕ್ಷ್ಯ ಹೋಗಿ ಅದರ ಜಾಗಕ್ಕೆ ಇನ್ನೊಂದು ತಪ್ಪು ಗುರುತು ಬಂತು. ಆದರೂ ತಟ್ಟೆಗೆ ಕೇಳುಗರು ಸಿಕ್ಕರು. ಈ ಬಗೆಯ ನಾದಕ್ಕಾಗಿಯೇ ಸೇರುವ ಜನ, ಕುಣಿಯುವ ಜಾಗ ಅಷ್ಟುಹೊತ್ತಿಗೆ ತಯಾರಾಗಿದ್ದವು.

ಹಾಗೆಂದು ಅಲಕ್ಷಿತವಾದದ್ದೆಲ್ಲ ಶ್ರೇಷ್ಠವೆಂದು ಹೊರಡುವುದು ಸಂಗ್ರಾಹಕರ ಹಳೆಯ ಚಟ. ‘ಅನೋಖಾ’ದಲ್ಲೂ ತಬಲಾದ ನಾಲ್ಕು ಬೋಲ್‌ಗಳನ್ನು ಅಲಂಕಾರಕ್ಕೆ ಅಂಟಿಸಿದಂತಿರುವ ಕಡೆಗಳಿವೆ, ಅಂಥವನ್ನು ಮರೆತರೆ ನಷ್ಟವಿಲ್ಲ. ತಲ್ವಿನ್ ಸಿಂಗ್ ಅವರ ಮುಂದಿನ ಆಲ್ಬಂ ‘ಓಕೆ’ ಬ್ರಿಟನ್ನಿನ 1999ರ ಮರ್ಕ್ಯುರಿ ಸಂಗೀತ ಪ್ರಶಸ್ತಿ ಪಡೆಯಿತು. ಪ್ರಶಸ್ತಿಯ ಬೆಳಕು ಅವರ ಮೇಲೆ ಬಿತ್ತು. ಸಂಕಲನದಲ್ಲಿ ಅವರೇ ಜಾಗ ಕೊಟ್ಟಿದ್ದ ಒಸ್ಮಾನಿ ಸೌಂಡ್ಸ್, ಕಿಂಗ್ಸುಕ್ ಬಿಸ್ವಾಸ್ ಮುಂತಾದವರವರೆಗೆ ಅಷ್ಟಾಗಿ ಹರಿಯಲಿಲ್ಲ.

ಚೆನ್ನೈನ ತುಣುಕು ಮಾತ್ರ ತನ್ನ ದಾರಿ ಹಿಡಿಯಿತು. ದೀಪಾ ಮೆಹ್ತಾರ ‘ಫೈರ್’ ಅದನ್ನು 1996ರಲ್ಲೇ ಬಳಸಿಕೊಂಡಿತ್ತು. ಆಮೇಲೆ ಪ್ಯಾಲೆಸ್ತೀನಿನ ಎಲಿಯಾ ಸುಲೇಮಾನರ ‘ಡಿವೈನ್ ಇಂಟರ್‌ವೆನ್ಷನ್’ (2002), ಹಾಲಿವುಡ್ಡಿನ ‘ಲಾರ್ಡ್ ಆಫ್ ವಾರ್’ (2005) ಚಿತ್ರಗಳಲ್ಲಿ ಅದು ಕೇಳಿಬಂತು. ಕ್ಲಬ್ಬಿನಲ್ಲಿ ಅದಕ್ಕೆ ಸಿಕ್ಕಿದ್ದು ಕೆಲವು ಸೋಮವಾರಗಳ ಆಶ್ರಯ. ಹೊರದೇಶಗಳಲ್ಲೂ ಅದನ್ನು ಉಳಿಸಿದ್ದು ಸಿನಿಮಾವೇ.