ನಿಮ್ಮ ಪಾತ್ರ ಯಾವ ಊರಿನದು?



ಈ ಸಲ ನಾನು ಪಾಠ ಹೇಳೂದಿಲ್ಲ. ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ, ಆಮೇಲೆ ಒಂದು ಅಭಿಪ್ರಾಯ ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಹೋದ ವರ್ಷ ಒಂಬತ್ತನೇ ಇಯತ್ತೆಯ ವಿಜ್ಞಾನದ ವಹಿ ತಪಾಸಣೆ ಮಾಡುತ್ತ ಕುಳಿತಿದ್ದೆ. ಒಬ್ಬ ಹುಡುಗನ ವಹಿಯ ಹಿಂದಿನ ನಾಲ್ಕು ಪುಟಗಳಲ್ಲಿ ಒಂದು ಕತೆ ಇತ್ತು. ಮಾಡಗ್ಯಾಳ ಕುರಿ ಕಾಯುವ ಒಬ್ಬ ಹುಡುಗ. ನೆಲಕ್ಕೆ ಕಿವಿ ಹಚ್ಚಿದರೆ ಅವನಿಗೆ ಒಳಗಿನ ನೀರಿನ ಸಪ್ಪಳ ಕೇಳಿಸುತ್ತದೆ. ಆದರೆ ಯಾರಾದರೂ ಅವನ ಮೇಲೆ ದನಿ ಏರಿಸಿದರೆ ಮೂರು ದಿನ ಅವನ ಕಿವಿ ಮುಚ್ಚಿಕೊಳ್ಳುತ್ತದೆ. ನಾನು ಪೂರ್ತಿ ಓದಲಿಲ್ಲ. ಕೆಂಪು ಪೆನ್ನಿನಿಂದ ಅಡ್ಡ ಗೆರೆ ಎಳೆದು, ‘ಇದು ವಿಜ್ಞಾನದ ವಹಿ’ ಅಂತ ಬರೆದು, ವರ್ಗದಲ್ಲಿ ಎಲ್ಲರ ಎದುರು ತಿರುಗಿ ಕೊಟ್ಟೆ. ಹುಡುಗರು ನಕ್ಕರು.

ಆಮೇಲೆ ತಿಳಿಯಿತು, ಅದು ಅವನು ಮೊಬೈಲಿನಲ್ಲಿ ಆಡುವ ಆಟದ ಪಾತ್ರ. ರಾಜರು, ಮಾಂತ್ರಿಕರು, ರಾಕ್ಷಸರು ಇರುವ ಕಲ್ಪಿತ ಲೋಕದ ಆಟ. ವರ್ಗದಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವ ಈ ಹುಡುಗ ಅಲ್ಲಿ ಆರು ಮಂದಿಯ ತಂಡಕ್ಕೆ ದಾರಿ ತೋರಿಸುತ್ತಿದ್ದ. ಆದರೆ ಆಟದಲ್ಲಿ ಆ ಕುರಿ ಕಾಯುವ ಹುಡುಗನ ಹೆಸರು ಇಂಗ್ಲಿಷಿನಲ್ಲಿತ್ತು. ಯಾಕಪಾ ಅಂತ ಕೇಳಿದೆ. “ಕನ್ನಡ ಹೆಸರ ಇಟ್ರ ನಗತಾರ್ರಿ ಸರ” ಅಂದ. ಕತೆ ಮುಂದುವರಿಸಿದೆಯಾ ಅಂದರೆ, “ಇಲ್ರಿ, ಬಿಟ್ಟೇನಿ” ಅಂದ.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿದೆ. ನಾವು ಮಾಸ್ತರರು ಮೊಬೈಲ್ ಆಟ ಅಂದ ಕೂಡಲೇ ‘ಕೆಟ್ಟದ್ದು’ ಅಂತ ಠಪ್ಪೆ ಹೊಡೆದು ಬಿಡುತ್ತೇವೆ. ಸುಮ್ಮನೆ ಗುಂಡು ಹಾರಿಸುತ್ತ ರಾತ್ರಿ ಹನ್ನೆರಡರವರೆಗೆ ಕೂಡುವುದು ಬೇರೆ. ಕೂತು ಯೋಚನೆ ಮಾಡಿ ಒಂದು ಪಾತ್ರ ಕಟ್ಟುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನನ್ನ ಅಭಿಪ್ರಾಯ ಇಷ್ಟೇ: ಪಾತ್ರ ಕಟ್ಟಿರಿ, ಆದರೆ ಚೆನ್ನಾಗಿ ಕಟ್ಟಿರಿ. ಅದು ನಿಮಗೆ ತಾಲೀಮು ಆಗಬೇಕು, ಅಡಗಿಕೊಳ್ಳುವ ಮೂಲೆ ಆಗಬಾರದು.

ಈ ಆಟಗಳ ಮೂಲ ಮೊಬೈಲಿನಲ್ಲಿಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟಿಸಿದರು. ಅದಕ್ಕೆ ಕರೆಂಟ್ ಬೇಕಿರಲಿಲ್ಲ. ಕಾಗದ, ಪೆನ್ಸಿಲ್, ದಾಳ, ಸುತ್ತ ಕೂತ ನಾಲ್ಕು ಗೆಳೆಯರು ಇದ್ದರೆ ಸಾಕು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ತಂತಮ್ಮ ಪಾತ್ರವಾಗಿ ಮಾತಾಡುತ್ತಾರೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಇಂಥ ಲೋಕವನ್ನು ಕಂಪ್ಯೂಟರಿನೊಳಗೆ ಕಟ್ಟಲು ಸುರು ಮಾಡಿದ, ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಇಂದಿನ ಆನ್‌ಲೈನ್ ಲೋಕಗಳೆಲ್ಲ ಆ ದಾರಿಯಲ್ಲೇ ಬಂದವು.

ಆದರೆ ಪಾತ್ರವಾಗಿ ಮಾತಾಡುವುದನ್ನು ನಮಗೆ ಅಮೆರಿಕದವರು ಕಲಿಸಬೇಕಾಗಿಲ್ಲ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿರಿ. ದೊಡ್ಡಾಟದಲ್ಲಿ ಪಾತ್ರಧಾರಿ ಕುಣಿಯುತ್ತ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಲ್ಲುತ್ತಾನೆ. ನೀವು ಯಾರು, ಯಾವ ಊರು, ಯಾರ ಮಗ, ಇಲ್ಲಿಗೆ ಬಂದ ಕಾರಣವೇನು ಅಂತ ಕೇಳುತ್ತಾನೆ. ಅದಕ್ಕೆಲ್ಲ ಉತ್ತರ ಕೊಟ್ಟ ಮೇಲೆಯೇ ಕತೆ ಮುಂದೆ ಸಾಗುವುದು. ಹಗಲು ಹೊಲದಲ್ಲಿ ದುಡಿದವನು ರಾತ್ರಿ ಭೀಮನಾಗಿ ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದ. ಮುಂಜಾನೆ ಬಣ್ಣ ತೊಳೆದು ಮತ್ತೆ ಹೊಲಕ್ಕೆ ಹೋಗುತ್ತಿದ್ದ. ಅದಕ್ಕಿಂತ ಮೊದಲು ಎಷ್ಟೋ ರಾತ್ರಿ ತಾಲೀಮು ನಡೆಯುತ್ತಿತ್ತು. ಆನ್‌ಲೈನ್ ಆಟದಲ್ಲಿ ಪಾತ್ರ ಮಾಡುವಾಗ ತುಂಬುವ ಫಾರ್ಮ್ ಇದೆಯಲ್ಲ, ಅದು ಸಾರಥಿಯ ಪ್ರಶ್ನೆಯೇ. ನಾವು ಮಾತ್ರ ಉತ್ತರ ಕೊಡದೆ ‘ಮುಂದೆ’ ಅನ್ನುವ ಗುಂಡಿ ಒತ್ತುತ್ತೇವೆ.

ಈಗ ಸ್ವಲ್ಪ ಗಣಿತ. ನಾನು ಹೇಳಿದ 1974ರ ಆಟದಲ್ಲಿ ಪ್ರತಿ ಪಾತ್ರಕ್ಕೆ ಆರು ಗುಣ: ಬಲ, ಚುರುಕುತನ, ತಾಳಿಕೆ, ಬುದ್ಧಿ, ವಿವೇಕ, ಜನರನ್ನು ಸೆಳೆಯುವ ಶಕ್ತಿ. ಒಂದೊಂದು ಗುಣಕ್ಕೂ ಮೂರು ದಾಳ ಎಸೆದು ಬಂದ ಮೊತ್ತವೇ ಅಂಕ. ಕನಿಷ್ಠ 3, ಗರಿಷ್ಠ 18. ಮೂರು ದಾಳ ಒಟ್ಟು 6 × 6 × 6, ಅಂದರೆ 216 ರೀತಿ ಬೀಳಬಹುದು. ಅದರಲ್ಲಿ 18 ಬರುವುದು ಒಂದೇ ರೀತಿಯಲ್ಲಿ. ಆದರೆ 10 ಬರಲು 27 ರೀತಿ, 11 ಬರಲು 27 ರೀತಿ ಇವೆ. ಅಂದರೆ ನಾಲ್ಕರಲ್ಲಿ ಒಂದು ಸಲ 10 ಅಥವಾ 11 ಬೀಳುತ್ತದೆ. ನಂಬಿಕೆ ಇಲ್ಲದಿದ್ದರೆ ಲೂಡೋದ ದಾಳ ತೆಗೆದುಕೊಂಡು ನೂರು ಸಲ ಎಸೆದು, ಬಂದದ್ದನ್ನು ಸ್ತಂಭಾಲೇಖವಾಗಿ ಬರೆಯಿರಿ. ನಡುವೆ ಗುಡ್ಡ, ಎರಡೂ ಕಡೆ ಇಳಿಜಾರು. ನಿಮ್ಮ ವರ್ಗದ ಎಲ್ಲರ ಎತ್ತರ ಅಳೆದರೂ ಬಹುತೇಕ ಇಂಥದೇ ಆಕಾರ ಬರುತ್ತದೆ.

ಆರೂ ಗುಣಕ್ಕೆ 18 ಬೀಳುವ ಸಂಭವ ಎಷ್ಟು? 216ನ್ನು ಆರು ಸಲ ಗುಣಿಸಿರಿ. ಒಂದು ಕೋಟಿ ಕೋಟಿಗಿಂತ ತುಸು ಹೆಚ್ಚು ಬರುತ್ತದೆ, ಅಷ್ಟರಲ್ಲಿ ಒಂದು ಸಲ. ಅಂಥವನು ಹುಟ್ಟುವುದೇ ಇಲ್ಲ ಅನ್ನಿರಿ. ಆದರೂ ನೀವೆಲ್ಲ ಬರೆಯುವುದು ಅಂಥವನನ್ನೇ! ಎಲ್ಲರಿಗಿಂತ ಬಲಶಾಲಿ, ಸೋಲದವನು, ಸಾಯದವನು. ದುಡ್ಡು ಕೊಟ್ಟರೆ ಆ ಬಲವನ್ನು ಮಾರಲು ಕೆಲವು ಆಟಗಳಲ್ಲಿ ಅಂಗಡಿಯೇ ಇರುತ್ತದೆ. ಆದರೆ ಸೋಲದವನಿಗೆ ಏನು ಕತೆ ಇರುತ್ತದೆ ಹೇಳಿರಿ? ನಮ್ಮ ಹುಡುಗನ ಕುರಿ ಕಾಯುವವನು ಚಲೋ ಪಾತ್ರವಾದದ್ದು ನೀರಿನ ಸಪ್ಪಳ ಕೇಳುವುದರಿಂದಲ್ಲ, ದನಿ ಏರಿಸಿದರೆ ಕಿವಿ ಮುಚ್ಚಿಕೊಳ್ಳುವುದರಿಂದ. ಅದನ್ನು ಅವನು ಎಲ್ಲಿಂದ ತಂದಿದ್ದ ಅನ್ನುವುದು ನನಗೆ ತಡವಾಗಿ ಹೊಳೆಯಿತು. ವರ್ಗದಲ್ಲಿ ಅವನ ಮೇಲೆ ದನಿ ಏರಿಸುತ್ತಿದ್ದವನು ನಾನೇ.

ಎರಡನೇ ಮಾತು. ಕಲ್ಪನೆಯ ಲೋಕ ಅಂದ ಮಾತ್ರಕ್ಕೆ ಏನು ಬೇಕಾದರೂ ಆಗಬಹುದು ಅಂತಲ್ಲ. ಅಲ್ಲಿಯೂ ಕಾರಣ, ಪರಿಣಾಮ ಇರಬೇಕು. ಮನುಷ್ಯನ ಹತ್ತು ಪಟ್ಟು ಎತ್ತರದ ರಾಕ್ಷಸನನ್ನು ಮಾಡಿದಿರಿ ಅನ್ನಿ. ಉದ್ದ, ಅಗಲ, ದಪ್ಪ ಮೂರೂ ಹತ್ತು ಪಟ್ಟಾದರೆ ತೂಕ 1000 ಪಟ್ಟು. ಆದರೆ ಅದನ್ನು ಹೊರುವ ಎಲುಬಿನ ಅಡ್ಡಕೊಯ್ತದ ಕ್ಷೇತ್ರಫಲ 100 ಪಟ್ಟು ಮಾತ್ರ. ಎಲುಬಿನ ಮೇಲೆ ಹತ್ತು ಪಟ್ಟು ಒತ್ತಡ! ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಈ ವಿಷಯ ಚರ್ಚಿಸಿದ್ದಾನೆ. ಹಾಗಾದರೆ ನಿಮ್ಮ ರಾಕ್ಷಸನ ಎಲುಬು ಎಂಥದು? ಇಲ್ಲಾ, ಅವನು ಯಾವಾಗಲೂ ನೀರಿನಲ್ಲೇ ಇರುತ್ತಾನೋ? ಬಿಸಿ ಉಗುಳುವ ಪ್ರಾಣಿ ಬೇಕೇ? ಬಾಂಬಾರ್ಡಿಯರ್ ಎಂಬ ಜೀರುಂಡೆ ಹೊಟ್ಟೆಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಹೈಡ್ರೋಕ್ವಿನೋನ್ ಎಂಬ ರಾಸಾಯನಿಕಗಳನ್ನು ಇಟ್ಟುಕೊಂಡಿರುತ್ತದೆ. ವೈರಿ ಬಂದಾಗ ಬೇರೊಂದು ಕೋಣೆಯಲ್ಲಿ ಕಿಣ್ವಗಳ ಜೊತೆ ಅವನ್ನು ಕೂಡಿಸಿ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರವ ಸಿಡಿಸುತ್ತದೆ. ನಿಜ ಜಗತ್ತಿನಲ್ಲೇ ಇಷ್ಟು ಸೋಜಿಗ ಇರುವಾಗ, ‘ಮಾಯೆಯಿಂದ ಆಯಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸುವುದು ಆಲಸಿತನ.

ಕುರಿ ಕಾಯುವವನ ಕಿವಿಗೂ ನಿಯಮ ಬೇಕು. ನಮ್ಮ ಜತ್ತ ಭಾಗದ ನೆಲದ ಕೆಳಗೆ ಕಪ್ಪು ಬಸಾಲ್ಟ್ ಕಲ್ಲು. ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಬಿರುಕಿನಲ್ಲಿ, ಸವೆದು ಪುಡಿಯಾದ ಪದರಿನಲ್ಲಿ ಸಿಗುತ್ತದೆ. ಹಾಗಾದರೆ ಅವನಿಗೆ ಎಲ್ಲಿ ಕೇಳಿಸಬೇಕು, ಎಲ್ಲಿ ಕೇಳಿಸಬಾರದು? ಇದನ್ನು ಬರೆಯಬೇಕಾದರೆ ಭೂಗೋಳದ ಪುಸ್ತಕ ತೆಗೆಯಲೇಬೇಕು. ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಆಟದೊಳಗೆ ಕಿವಿ ಹಚ್ಚಿ ನೀರು ಹುಡುಕಿರಿ, ಅಡ್ಡಿ ಇಲ್ಲ. ಆದರೆ ನಿಮ್ಮ ಅಪ್ಪ ಸಾಲ ತೆಗೆದು ಬೋರ್ ಹಾಕಿಸುವಾಗ, ತೆಂಗಿನಕಾಯಿ ಹಿಡಿದು ‘ಇಲ್ಲೇ ನೀರೈತಿ’ ಅನ್ನುವವನನ್ನು ನಂಬಬೇಡಿರಿ. ಕಲ್ಪನೆ ಯಾವುದು, ಪುರಾವೆ ಯಾವುದು ಅಂತ ಬೇರೆ ಮಾಡುವುದನ್ನು ಪಾತ್ರ ಕಟ್ಟುವವರೇ ಎಲ್ಲರಿಗಿಂತ ಮೊದಲು ಕಲಿಯಬೇಕು.

ಮೂರನೇ ಮಾತು, ನಿಮ್ಮ ಪಾತ್ರ ಕಷ್ಟದ ಹೊತ್ತಿನಲ್ಲಿ ಏನು ಮಾಡುತ್ತದೆ? ಇದಕ್ಕೆ ಒಂದು ನಿಜವಾದ ಘಟನೆ ಇದೆ. 2005ರ ಸೆಪ್ಟೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ಒಂದು ರಾಕ್ಷಸನ ಜೊತೆ ಹೋರಾಡಿದವರಿಗೆ ಒಂದು ರೋಗ ತಗಲುವಂತೆ ಮಾಡಿದ್ದರು. ಅದು ಆ ಒಂದು ಜಾಗದಲ್ಲೇ ಉಳಿಯಬೇಕಿತ್ತು. ಆದರೆ ಆಟಗಾರರ ಸಾಕುಪ್ರಾಣಿಗಳ ಮೂಲಕ ಹೊರಗೆ ಬಂದು ದೊಡ್ಡ ಪಟ್ಟಣಗಳಿಗೆ ಹಬ್ಬಿತು. ಪಟ್ಟಣದಲ್ಲಿದ್ದ ಕಂಪ್ಯೂಟರ್ ನಡೆಸುವ ಪಾತ್ರಗಳಿಗೂ ರೋಗ ತಗಲಿತು. ಅವು ಸಾಯಲಿಲ್ಲ, ಬಂದು ಹೋದವರಿಗೆಲ್ಲ ಹಂಚಿದವು. ದುರ್ಬಲ ಪಾತ್ರಗಳು ಕ್ಷಣದಲ್ಲಿ ಸತ್ತವು. ಆಗ ಕೆಲವರು ಊರು ಬಿಟ್ಟು ಓಡಿದರು. ಕೆಲವರು ಏನಾಗಿದೆ ನೋಡೋಣ ಅಂತ ಬಂದು ಅಂಟಿಸಿಕೊಂಡರು. ಕೆಲವರು ಬೇಕಂತಲೇ ಹಬ್ಬಿಸಿದರು. ವೈದ್ಯರ ಪಾತ್ರ ಕಟ್ಟಿಕೊಂಡ ಕೆಲವರು ಅಲ್ಲೇ ನಿಂತು ಉಳಿದವರಿಗೆ ಮದ್ದು ಮಾಡಿದರು. ಕೊನೆಗೆ ಕಂಪನಿ ಸರ್ವರ್‌ಗಳನ್ನು ಹೊಸದಾಗಿ ಸುರು ಮಾಡಬೇಕಾಯಿತು. 2007ರಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ಸಂಶೋಧಕರು ಈ ಘಟನೆಯ ಮೇಲೆ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದರು. ರೋಗ ಹಬ್ಬುವ ಲೆಕ್ಕದಲ್ಲಿ ಮನುಷ್ಯರ ನಡತೆಯನ್ನೂ ಸೇರಿಸಬೇಕು, ಅದನ್ನು ಅರಿಯಲು ಇಂಥ ಆಟಗಳು ನೆರವಾಗಬಹುದು ಎಂಬುದು ಅವರ ವಾದ. 2020ರಲ್ಲಿ ಕೊರೊನಾ ಬಂದಾಗ ನಮ್ಮ ಊರುಗಳಲ್ಲೂ ಈ ಎಲ್ಲ ಥರದವರನ್ನು ಕಂಡೆವಲ್ಲ?

ಪಾತ್ರ ನಮ್ಮನ್ನೂ ತುಸು ಬದಲಿಸುತ್ತದೆ. ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಎತ್ತರದ ಪಾತ್ರ ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಶಿಯಲ್ಲಿ ಹೆಚ್ಚು ಬಿಗಿಯಾಗಿ ನಿಂತರು. ಎಲ್ಲರಿಗೂ ಯಾವಾಗಲೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ದಿನಾ ಸಿಟ್ಟಿನ, ಬೈಯುವ ಪಾತ್ರವನ್ನೇ ಆಡುವವನು ಈ ಮಾತು ನೆನಪಿಡಬೇಕು. ಒಂಜುವ ಹುಡುಗ ಅಲ್ಲಿ ನಾಲ್ಕು ಮಾತು ಆಡಿ ಕಲಿತರೆ ಅದು ಒಳ್ಳೆಯದೇ. ಅಲ್ಲಿ ಮಾತ್ರ ಆಡಿ, ಇಲ್ಲಿ ಪೂರ್ತಿ ಸುಮ್ಮನಾದರೆ ಅದು ಒಳ್ಳೆಯದಲ್ಲ.

ಹಾಗಂತ ಮೊಬೈಲ್ ಹಿಡಿದು ಕೂಡಲು ನಾನು ಪರವಾನಗಿ ಕೊಡುತ್ತಿಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಓದು, ನಿದ್ದೆ, ಮನೆಯ ಸಂಬಂಧ ಎಲ್ಲ ಕೆಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಂದು ರೋಗವೆಂದೇ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿತು. ಅಪ್ಪನ ಫೋನಿನಿಂದ ಒಂದು ರೂಪಾಯಿ ಕೂಡ ಕೇಳದೆ ಕೊಡಬೇಡಿರಿ. ಪಾತ್ರದ ಊರು ಹೇಳಿರಿ, ನಿಮ್ಮ ಮನೆಯ ವಿಳಾಸ, ಶಾಲೆ, ಫೋಟೋ ಅಪರಿಚಿತರಿಗೆ ಹೇಳಬೇಡಿರಿ. ಯಾರಾದರೂ ‘ಮನ್ಯಾಗ ಹೇಳಬ್ಯಾಡ’ ಅಂದರೆ, ಅದನ್ನೇ ಮೊದಲು ಮನೆಯಲ್ಲಿ ಹೇಳಿರಿ.

ಕೊನೆಗೆ ಹೆಸರಿನ ಮಾತು. ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆಯಲ್ಲಿ ಓದುವ ನಾವು ಎಲ್ಲೆಲ್ಲೋ ನಮ್ಮ ಮಾತನ್ನು ತುಸು ತಗ್ಗಿಸಿ ಆಡುವುದು ರೂಢಿಯಾಗಿದೆ. ಜತ್ತದ ಪೇಟೆಯಲ್ಲಿ ಮರಾಠಿ, ಫೋನಿನಲ್ಲಿ ಹಿಂದಿ, ಆಟದಲ್ಲಿ ಇಂಗ್ಲಿಷ್. ಎಲ್ಲವನ್ನೂ ಕಲಿಯಿರಿ, ನಾಲ್ಕು ಭಾಷೆ ಬಂದರೆ ನಿಮಗೇ ಲಾಭ. ಆದರೆ ಏನು ಬೇಕಾದರೂ ಆಗಬಹುದಾದ ಕಲ್ಪನೆಯ ಲೋಕದಲ್ಲೂ ನಾವು ಕನ್ನಡದವರಾಗಲು ನಾಚಿದರೆ, ಆ ಲೋಕ ಎಷ್ಟು ದೊಡ್ಡದಾಗಿದ್ದು ಏನು ಬಂತು? ಜೋಳದ ಹೊಲ, ದಾಳಿಂಬೆ ತೋಟ, ನೀರಿನ ಟ್ಯಾಂಕರ್, ಖಿಲಾರಿ ಎತ್ತು, ಇವೆಲ್ಲ ನಿಮಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತು?

ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೊಬೈಲ್ ಇಲ್ಲದೇ ಆಡಿ ನೋಡಿರಿ. ನಾಲ್ಕು ಗೆಳೆಯರು, ಮೂರು ದಾಳ, ಒಂದು ವಹಿ. ಒಬ್ಬ ಸಾರಥಿಯಾಗಿ ಈ ಐದು ಪ್ರಶ್ನೆ ಕೇಳಲಿ: ನೀನು ಯಾರು? ಯಾವ ಊರು? ನಿನಗೆ ಏನು ಬರುತ್ತದೆ, ಅದು ಹೇಗೆ ಕೆಲಸ ಮಾಡುತ್ತದೆ? ನಿನಗೆ ಏನು ಬರುವುದಿಲ್ಲ? ಊರಿಗೆ ಕಷ್ಟ ಬಂದರೆ ಏನು ಮಾಡುತ್ತೀ?

ನಾನೂ ಆ ಹುಡುಗನಿಗೆ ಒಂದು ಹೊಸ ವಹಿ ಕೊಟ್ಟು, ವರ್ಗದಲ್ಲಿ ಎಲ್ಲರ ಎದುರೇ ತಪ್ಪಾಯ್ತು ಅಂದೆ. ಒಂದು ತಿಂಗಳು ಅವನು ಏನೂ ಬರೆಯಲಿಲ್ಲ. ಮೊನ್ನೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕೇಳಿದ, “ಸರ, ಕಪ್ಪ ಕಲ್ಲಿನ್ಯಾಗ ಬಿರುಕ ಹೆಂಗ ಬೀಳತಾವ್ರಿ?” ಅದು ಅವನು ಈ ವರ್ಷ ತಾನಾಗಿ ಕೇಳಿದ ಮೊದಲ ಪ್ರಶ್ನೆ.